ಡಿ ಡ್ರೈವ್ ಮಾಯ, ಕಂಪ್ಯೂಟರ್ ಬೂಟ್ ಆಗುತ್ತಿಲ್ಲ: ದಲಾಲಿ ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇದೆ

ಸೋನಾಮಸೂರಿ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನದು ಎಪಿಎಂಸಿ ಯಾರ್ಡಿನಲ್ಲಿ ಭತ್ತದ ದಲಾಲಿ ಅಂಗಡಿ. ಅಲ್ಲಿಯ ಕಂಪ್ಯೂಟರ್ ನಿನ್ನೆ ಸಂಜೆಯಿಂದ ಬೂಟ್ ಆಗುತ್ತಿಲ್ಲ. ಪವರ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೋಗೋ ಬರುತ್ತದೆ, ಆಮೇಲೆ ಕಪ್ಪು ಪರದೆ ಮೇಲೆ "ನೋ ಬೂಟ್ ಡಿವೈಸ್ ಫೌಂಡ್" ಅಂತ ಬಂದು ನಿಂತುಬಿಡುತ್ತದೆ.

ಸಿ ಡ್ರೈವ್ ತುಂಬಿ ಕೆಂಪಾಗಿತ್ತು. ಡಿ ಡ್ರೈವಿನಲ್ಲಿ ಬೇಕಾದಷ್ಟು ಜಾಗ ಇತ್ತು. ಮಾವನ ಮಗ ಯೂಟ್ಯೂಬ್ ನೋಡಿಕೊಂಡು ಡಿಯಿಂದ ಸಿಗೆ ಜಾಗ ಕೊಡೋಕೆ ಕೂತ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ "ಎಕ್ಸ್‌ಟೆಂಡ್ ವಾಲ್ಯೂಮ್" ಮಸುಕಾಗಿತ್ತಂತೆ. ವಿಡಿಯೋದಲ್ಲಿ ಹೇಳಿದ ಹಾಗೆ ಡಿಸ್ಕ್‌ಪಾರ್ಟ್ (ಕಮಾಂಡ್ ಟೈಪ್ ಮಾಡಿ ಡಿಸ್ಕನ್ನು ಭಾಗ ಮಾಡುವ ವಿಂಡೋಸ್ ಸಾಧನ) ತೆಗೆದು, ನಡುವೆ ಅಡ್ಡ ಬಂದ ಪಾರ್ಟಿಶನ್, ಅಂದರೆ ಡಿಸ್ಕಿನ ಭಾಗ, ಡಿಲೀಟ್ ಮಾಡಿದ. "ಸಣ್ಣವನ್ನಷ್ಟೇ ತೆಗೆದೆ ಅಣ್ಣ" ಅಂತಾನೆ. ಆದರೆ ರೀಸ್ಟಾರ್ಟ್ ಮಾಡೋ ಮೊದಲೇ ಡಿ ಡ್ರೈವ್ ಕಾಣುತ್ತಿರಲಿಲ್ಲವಂತೆ.

ಇಲ್ಲೇ ಒಂದು ಅಂಗಡಿಯಲ್ಲಿ ಕೇಳಿದೆವು. "ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಕೊಡ್ತೀವಿ, ಡೇಟಾ ಗ್ಯಾರಂಟಿ ಇಲ್ಲ" ಅಂದರು. ಟ್ಯಾಲಿ ಲೆಕ್ಕ, ರೈತರ ಪಟ್ಟಿ, ಮಿಲ್‌ನವರ ಬಾಕಿ ಎಲ್ಲ ಡಿಯಲ್ಲಿದೆ. ಪೆನ್‌ಡ್ರೈವಿನಲ್ಲಿ ಇರೋ ಬ್ಯಾಕಪ್ ದೀಪಾವಳಿಯದ್ದು. ಈಗ ಎರಡನೇ ಬೆಳೆಯ ಭತ್ತ ಬರೋ ಸಮಯ. ಮಾವ ಬೆಳಿಗ್ಗೆಯಿಂದ ಕೆಂಪು ಖಾತೆ ಪುಸ್ತಕದಲ್ಲಿ ಕೈಯಲ್ಲೇ ಬರೆಯುತ್ತಿದ್ದಾರೆ, ಯಾರ ಜೊತೆಯೂ ಮಾತಿಲ್ಲ.

ಡೆಸ್ಕ್‌ಟಾಪ್, ವಿಂಡೋಸ್ 10, 1 ಟಿಬಿ ಡಿಸ್ಕ್. ಏನು ಮಾಡೋದು?

ಹಗರಿ ಹುಡುಗ (ಬಳ್ಳಾರಿ)

ಅಣ್ಣ, ವಿಂಡೋಸ್ ಪೆನ್‌ಡ್ರೈವ್ ಹಾಕಿ ಕಮಾಂಡ್ ಪ್ರಾಂಪ್ಟ್ ತೆಗೆದು ಬೂಟ್ ರಿಪೇರಿ ಮಾಡುವ ಬೂಟ್‌ರೆಕ್‌ನಲ್ಲಿ ಫಿಕ್ಸ್‌ಎಂಬಿಆರ್, ಫಿಕ್ಸ್‌ಬೂಟ್ ಎರಡೂ ಹೊಡೀರಿ. ಎಲ್ಲ ವಿಡಿಯೋದಲ್ಲೂ ಇದನ್ನೇ ಹೇಳ್ತಾರೆ. ಹೇಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ. ಇದೇ ನೆಪದಲ್ಲಿ 11 ಹಾಕಿಬಿಡಿ.

ಎಡದಂಡೆ (ಸಿಂಧನೂರು)

ತಡೀರಿ. ಸದ್ಯಕ್ಕೆ ಏನನ್ನೂ ಹೊಡೆಯಬೇಡಿ. 11ರ ಮಾತು ಆಮೇಲೆ. ವಿಂಡೋಸ್ ಸೆಟಪ್ ಈಗ ಓಡಿಸಿದರೆ ಅದು ಖಾಲಿ ಕಂಡ ಜಾಗದಲ್ಲಿ ಬರೆಯುತ್ತದೆ. ಆ ಖಾಲಿ ಜಾಗದಲ್ಲೇ ನಿಮ್ಮ ಡಿ ಡ್ರೈವ್ ಮಲಗಿರೋದು.

ಪಾರ್ಟಿಶನ್ ಡಿಲೀಟ್ ಮಾಡಿದರೆ ಫೈಲು ಅಳಿಯೋದಿಲ್ಲ. ಡಿಸ್ಕಿನ ಶುರುವಿನಲ್ಲಿ ಒಂದು ಸಣ್ಣ ಕೋಷ್ಟಕ ಇರುತ್ತದೆ, ಯಾವ ಪಾರ್ಟಿಶನ್ ಎಲ್ಲಿಂದ ಎಲ್ಲಿವರೆಗೆ ಅಂತ. ಡಿಲೀಟ್ ಅಂದರೆ ಅದರಲ್ಲಿ ಒಂದು ಸಾಲು ಹೋಯಿತು, ಅಷ್ಟೇ. ಪಹಣಿ ಕಳೆದರೆ ಹೊಲ ಎಲ್ಲೂ ಹೋಗೋದಿಲ್ಲ ಅಲ್ವಾ? ಆದರೆ ಪಹಣಿ ಇಲ್ಲದ ಹೊಲದಲ್ಲಿ ಬೇರೆಯವರು ಬಿತ್ತನೆ ಮಾಡಿಬಿಟ್ಟರೆ ಕಷ್ಟ.

ಮೂರು ವಿಷಯ ಹೇಳಿ. ಡಿಸ್ಕ್ ತಿರುಗುವ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ? ಡಿಲೀಟ್ ಆದ ಮೇಲೆ ತಮ್ಮ "ಎಕ್ಸ್‌ಟೆಂಡ್" ಒತ್ತಿದನಾ? "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದ ಯಾವುದಕ್ಕಾದರೂ ಹೂಂ ಅಂದನಾ? ಬೈಯದೆ ಕೇಳಿ. ಬೈದರೆ ಸುಳ್ಳು ಹೇಳುತ್ತಾನೆ, ಆಮೇಲೆ ನಾವಿಲ್ಲಿ ಸುಳ್ಳಿನ ಮೇಲೆ ಸಲಹೆ ಕೊಡಬೇಕಾಗುತ್ತದೆ.

ಕೌಲ್‌ಬಜಾರ್ ರಿಪೇರಿ (ಬಳ್ಳಾರಿ)

ಅಕ್ಕ ಹೇಳಿದ್ದು ಸರಿ. ಆ ಕೊನೆಯ ಮಾತಿಗೆ ನಮ್ಮದೊಂದು ನಮಸ್ಕಾರ. ನಮ್ಮ ಅಂಗಡಿಗೆ ಬರುವ ಹತ್ತರಲ್ಲಿ ಒಂಬತ್ತು ಜನ "ಏನೂ ಮಾಡಿಲ್ಲ ಸಾರ್, ತಾನೇ ಹೋಯ್ತು" ಅಂತಾರೆ. ಪಾರ್ಟಿಶನ್ ತಾನೇ ಎದ್ದು ಎಲ್ಲಿಗೆ ಹೋಗುತ್ತದೆ ಹೇಳ್ರಿ.

ಅಂಗಡಿಯವರು ಫಾರ್ಮ್ಯಾಟ್ ಅಂದರು ಅಂತ ಬೇಸರ ಮಾಡ್ಕೋಬೇಡಿ. ಫಾರ್ಮ್ಯಾಟ್ ಒಂದು ತಾಸಿನ ಕೆಲಸ, ಅದಕ್ಕೆ ಇಂತಿಷ್ಟು ಅಂತ ರೇಟ್ ಇದೆ. ರಿಕವರಿ ಅಂದರೆ ಎರಡು ದಿನ ಮೆಷಿನ್ ಅಂಗಡಿಯಲ್ಲಿ ಕೂರುತ್ತದೆ. ಸಿಗದಿದ್ದರೆ ದುಡ್ಡು ಕೊಡೋರು ಯಾರು?

ನನ್ನ ಸಲಹೆ: ಡಿಸ್ಕ್ ಬಿಚ್ಚಿ, ಸಾಟಾ ಟು ಯುಎಸ್‌ಬಿ ಕೇಬಲ್ ಹಾಕಿ, ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿ. ಡೆಸ್ಕ್‌ಟಾಪ್ ಆದ್ದರಿಂದ ಬಿಚ್ಚೋದು ಸುಲಭ.

ಎಡದಂಡೆ (ಸಿಂಧನೂರು)

ಬೇರೆ ವಿಂಡೋಸ್ ಕಂಪ್ಯೂಟರಿಗೆ ಜೋಡಿಸೋದು ನನಗೆ ಇಷ್ಟ ಇಲ್ಲ ಅಣ್ಣ. ಕೈ ತಪ್ಪಿ "ಇನಿಶಿಯಲೈಜ್" ಅಥವಾ "ಫಾರ್ಮ್ಯಾಟ್ ಡಿಸ್ಕ್" ಡಬ್ಬಿಗೆ ಓಕೆ ಒತ್ತುವವರನ್ನು ನಮ್ಮ ಲ್ಯಾಬಿನಲ್ಲಿ ನೋಡಿದ್ದೇನೆ. ಜೊತೆಗೆ ಡ್ರೈವ್ ಕಂಡ ತಕ್ಷಣ ವಿಂಡೋಸ್ ತನ್ನ ಪಾಡಿಗೆ ಏನಾದರೂ ಬರೆಯುತ್ತಾ ಇರುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ನಾವು ಹೇಳೋವರೆಗೆ ಅದು ಡಿಸ್ಕಿನ ಫೈಲು ಮುಟ್ಟೋದಿಲ್ಲ.

ಕೌಲ್‌ಬಜಾರ್ ರಿಪೇರಿ (ಬಳ್ಳಾರಿ)

ಓಕೆ ಒತ್ತುವವರು ಲಿನಕ್ಸಿನಲ್ಲೂ ಒತ್ತುತ್ತಾರೆ ಅಕ್ಕ. ಇರಲಿ, ಇದಕ್ಕೆ ನಿಮ್ಮ ದಾರಿಯೇ ಆಗಲಿ.

ಸೋನಾಮಸೂರಿ (ಗಂಗಾವತಿ)

ಕೇಳಿದೆ. ಎಕ್ಸ್‌ಟೆಂಡ್ ಒತ್ತಿಲ್ಲ. ಡಿ ಕಾಣದೆ ಗಾಬರಿಯಾಗಿ ನೇರ ರೀಸ್ಟಾರ್ಟ್ ಮಾಡಿದನಂತೆ. ಯಾವುದಕ್ಕೂ ಫಾರ್ಮ್ಯಾಟ್ ಕೊಟ್ಟಿಲ್ಲ. ವಿಡಿಯೋದಲ್ಲಿ "ಸೆಲೆಕ್ಟ್ ಪಾರ್ಟಿಶನ್" ಮುಂದೆ ಇದ್ದ ನಂಬರನ್ನೇ ಹಾಕಿದ್ದಾನೆ, ತನ್ನ ಪಟ್ಟಿ ನೋಡಿಲ್ಲ. ಒಂದು ಸಲ "ಸಾಧ್ಯವಿಲ್ಲ" ಅಂತ ಬಂದಾಗ ವಿಡಿಯೋದವನ ಹಾಗೆಯೇ ಕೊನೆಗೆ "ಓವರ್‌ರೈಡ್" ಸೇರಿಸಿದ್ದಾನೆ.

ಡಿಸ್ಕ್ ತಿರುಗುವ ಹಾರ್ಡ್ ಡಿಸ್ಕೇ. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲಿನ ಮದರ್‌ಬೋರ್ಡ್ ಸೆಟ್ಟಿಂಗ್ ಪರದೆ) ಅದರ ಹೆಸರು ಕಾಣುತ್ತಿದೆ.

ಎಡದಂಡೆ (ಸಿಂಧನೂರು)

ಬಯೋಸ್‌ನಲ್ಲಿ ಕಾಣುತ್ತಿದೆ, ತಿರುಗುವ ಡಿಸ್ಕ್, ಎಕ್ಸ್‌ಟೆಂಡ್ ಆಗಿಲ್ಲ. ಮೂರೂ ಒಳ್ಳೆ ಸುದ್ದಿ. ಮಾವನಿಗೆ ಊಟ ಮಾಡಲು ಹೇಳಿ.

ಎಸ್‌ಎಸ್‌ಡಿ ಆಗಿದ್ದರೆ ನನ್ನ ಧಾಟಿಯೇ ಬೇರೆ ಇರುತ್ತಿತ್ತು. ಅದರಲ್ಲಿ ಟ್ರಿಮ್ ಅಂತ ಇದೆ. ಫಾರ್ಮ್ಯಾಟ್ ಮಾಡಿದಾಗ, ಕೆಲವೊಮ್ಮೆ ವಾಲ್ಯೂಮ್ ಡಿಲೀಟ್ ಮಾಡಿದಾಗಲೂ, "ಈ ಜಾಗ ಇನ್ನು ಬೇಡ" ಅಂತ ವಿಂಡೋಸ್ ಡಿಸ್ಕಿಗೆ ಹೇಳಿಬಿಡುತ್ತದೆ. ಆಮೇಲೆ ಎಸ್‌ಎಸ್‌ಡಿ ತಾನೇ ಒಳಗೆ ಗುಡಿಸಿ ಹಾಕುತ್ತದೆ. ಕರೆಂಟ್ ಇದ್ದಷ್ಟು ಹೊತ್ತೂ ಗುಡಿಸುತ್ತಲೇ ಇರುತ್ತದೆ. ಹಾಗಾದಾಗ ತಕ್ಷಣ ಆಫ್ ಮಾಡಬೇಕು.

ಓವರ್‌ರೈಡ್ ಬಗ್ಗೆ ಒಂದು ಮಾತು. ಇಎಫ್‌ಐ ಪಾರ್ಟಿಶನ್, ರಿಕವರಿ ಪಾರ್ಟಿಶನ್ ಇವನ್ನು ಡಿಸ್ಕ್‌ಪಾರ್ಟ್ ಸುಮ್ನೆ ಡಿಲೀಟ್ ಮಾಡೋದಿಲ್ಲ, ಬೇಡ ಅನ್ನುತ್ತದೆ. ಆ "ಬೇಡ"ವನ್ನು ದಾಟೋದೇ ಓವರ್‌ರೈಡ್. ತಮ್ಮ ತೆಗೆದ ಸಣ್ಣದರಲ್ಲಿ ಒಂದು 100 ಎಂಬಿಯ ಇಎಫ್‌ಐ ಪಾರ್ಟಿಶನ್ ಇರಬೇಕು. ಕಂಪ್ಯೂಟರ್ ಎದ್ದ ಕೂಡಲೇ ಹುಡುಕೋದು ಅದನ್ನೇ. ವಿಂಡೋಸ್ ಎಬ್ಬಿಸುವ ಫೈಲು ಅಲ್ಲಿರುತ್ತದೆ. ಅದು ಹೋದರೆ ಸಿ ಡ್ರೈವ್ ಪೂರ್ತಿ ಚೆನ್ನಾಗಿದ್ದರೂ "ನೋ ಬೂಟ್ ಡಿವೈಸ್".

ಹಗರಿ ಹುಡುಗನಿಗೆ: ಫಿಕ್ಸ್‌ಎಂಬಿಆರ್ ಹಳೇ ಕಾಲದ ಬಯೋಸ್ ಮೆಷಿನ್‌ಗೆ ಬೇಕಾದದ್ದು. ಆ ಎಂಬಿಆರ್ ಅಂದರೆ ಡಿಸ್ಕಿನ ಮೊದಲ 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಶನ್ ಕೋಷ್ಟಕ, ಕೊನೆಗೆ 2 ಬೈಟ್ ಸಹಿ. ನಾಲ್ಕೇ ಪಾರ್ಟಿಶನ್ ಹಿಡಿಸುತ್ತವೆ. ಈಗಿನ ಯುಇಎಫ್‌ಐ ಮೆಷಿನ್‌ನಲ್ಲಿ (ಹಳೇ ಬಯೋಸ್ ಜಾಗಕ್ಕೆ ಬಂದದ್ದು, ಬಾಯಲ್ಲಿ ಈಗಲೂ ಬಯೋಸ್ ಅಂತಲೇ) ಜಿಪಿಟಿ ಅನ್ನೋ ಹೊಸ ಬಗೆಯ ಕೋಷ್ಟಕ ಇರುತ್ತದೆ. ವಿಂಡೋಸ್ ಅದರಲ್ಲಿ 128 ಪಾರ್ಟಿಶನ್‌ವರೆಗೆ ಬಿಡುತ್ತದೆ, ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿ ಇರುತ್ತದೆ. ಅಲ್ಲಿ ಫಿಕ್ಸ್‌ಎಂಬಿಆರ್‌ಗೆ ಕೆಲಸವೇ ಇಲ್ಲ. ಫಿಕ್ಸ್‌ಬೂಟ್ ಹೊಡೆದರೆ ಬಹಳ ಸಲ "ಆಕ್ಸೆಸ್ ಈಸ್ ಡಿನೈಡ್" ಅಂತ ಬರುತ್ತದೆ, ಜನ ಅದರ ಹಿಂದೆ ಅರ್ಧ ದಿನ ಕಳೀತಾರೆ.

ಹಗರಿ ಹುಡುಗ (ಬಳ್ಳಾರಿ)

ಆ ತುದಿಯ ಪ್ರತಿಯಿಂದ ವಾಪಸ್ ತರಬಹುದಲ್ವಾ ಹಾಗಾದರೆ?

ಎಡದಂಡೆ (ಸಿಂಧನೂರು)

ಇಲ್ಲ. ಡಿಲೀಟ್ ಮಾಡಿದಾಗ ಎರಡೂ ಕಡೆ ಒಟ್ಟಿಗೆ ತಿದ್ದಿರುತ್ತದೆ. ಮೊದಲ ಪ್ರತಿ ಕೆಟ್ಟಾಗ ಮಾತ್ರ ಎರಡನೆಯದು ಉಪಯೋಗಕ್ಕೆ ಬರುತ್ತದೆ. ಒಳ್ಳೆ ಪ್ರಶ್ನೆ ಮಾತ್ರ.

ಸೋನಾಮಸೂರಿ, ಈಗ ಕೆಲಸಕ್ಕೆ ಬರೋಣ. ಸಿಸ್ಟಂರೆಸ್ಕ್ಯೂ ಅಂತ ಒಂದು ಲಿನಕ್ಸ್ ಇದೆ, ಉಚಿತ. ಬೇಕಾದ ಸಾಮಾನೆಲ್ಲ ಅದರಲ್ಲೇ ಇದೆ: ಪಾರ್ಟಿಶನ್ ತೋರಿಸುವ ಜಿಪಾರ್ಟೆಡ್, ಕಳೆದ ಪಾರ್ಟಿಶನ್ ಹುಡುಕುವ ಟೆಸ್ಟ್‌ಡಿಸ್ಕ್, ಡಿಸ್ಕಿನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ರೂಫಸ್ ಬಳಸಿ ಪೆನ್‌ಡ್ರೈವಿಗೆ ಬರೆಯಿರಿ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಕಾವಲು) ಆಫ್ ಮಾಡಬೇಕಾಗುತ್ತದೆ. ಬೂಟ್ ಆದ ಮೇಲೆ ಜಿಪಾರ್ಟೆಡ್ ತೆಗೆದು ಪರದೆಯ ಫೋಟೋ ಹಾಕಿ. ನೋಡೋದು ಮಾತ್ರ. ಆ "ಅಪ್ಲೈ" ಹಸಿರು ಗುರುತಿನ ಹತ್ತಿರವೂ ಹೋಗಬೇಡಿ.

ಕಿನ್ನಾಳ ಗೊಂಬೆ (ಕೊಪ್ಪಳ)

ನಡುವೆ ಬಾಯಿ ಹಾಕುತ್ತಿದ್ದೇನೆ. ಲ್ಯಾಪ್‌ಟಾಪ್ ಇರುವವರು ಇದನ್ನು ಓದಿ ಸೆಕ್ಯೂರ್ ಬೂಟ್ ಆಫ್ ಮಾಡುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ನೋಡಿಕೊಳ್ಳಿ. ಈಚಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದರೆ ಕೇಳದೇ ಎನ್‌ಕ್ರಿಪ್ಶನ್ ಶುರುವಾಗಿರುತ್ತದೆ. ಬಯೋಸ್‌ನಲ್ಲಿ ಏನಾದರೂ ಬದಲಿಸಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಆ ಅಕೌಂಟಿನ ವೆಬ್‌ಪುಟದಲ್ಲಿ ಸಿಗುತ್ತದೆ. ಅಕೌಂಟ್ ಯಾರ ಮೇಲ್‌ನಲ್ಲಿ ಮಾಡಿದ್ದು ಅಂತ ಅಂಗಡಿಯವರಿಗೇ ಗೊತ್ತಿರೋದಿಲ್ಲ. ನಮ್ಮ ಡಿಟಿಪಿ ಸೆಂಟರಿಗೆ ಬರೋರಲ್ಲಿ ಇದೇ ಗೋಳು ಜಾಸ್ತಿ.

ಇನ್ನೊಂದು. "ಹೊಸ ವಿಂಡೋಸ್ ಹಾಕಿದರೆ ಮುಗೀತು" ಅನ್ನೋದು ಹೇಳೋಕೆ ಸುಲಭ. ಆಮೇಲೆ ಟ್ಯಾಲಿ ಲೈಸೆನ್ಸ್ ಮತ್ತೆ ಹಾಕಿಸಬೇಕು, ವೇಬ್ರಿಡ್ಜ್ ಸಾಫ್ಟ್‌ವೇರಿನವನನ್ನು ಕರೆಸಬೇಕು, ಡಿಜಿಟಲ್ ಸಹಿಯ ಡಾಂಗಲ್ ಡ್ರೈವರ್ ಹುಡುಕಬೇಕು. ಹಳೇ ನುಡಿ ಫಾಂಟ್ ಇಲ್ಲದಿದ್ದರೆ ಮೊದಲು ಟೈಪ್ ಮಾಡಿಟ್ಟ ಪತ್ರವೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿ ಕಾಣುತ್ತದೆ.

ಸೋನಾಮಸೂರಿ (ಗಂಗಾವತಿ)

ಫೋಟೋ ಹಾಕಿದ್ದೇನೆ. ಶುರುವಿನಲ್ಲಿ 600 ಎಂಬಿಯಷ್ಟು "ಅನ್‌ಅಲೊಕೇಟೆಡ್". ಆಮೇಲೆ 16 ಎಂಬಿಯ ಒಂದು, "ಮೈಕ್ರೋಸಾಫ್ಟ್ ರಿಸರ್ವ್ಡ್" ಅಂತ. ಆಮೇಲೆ 200 ಜಿಬಿ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲು ಜೋಡಿಸಿಡುವ ಪದ್ಧತಿ). ಅದರ ಮುಂದೆ ಕೊನೆವರೆಗೂ ಬೂದು ಬಣ್ಣ, 730 ಜಿಬಿ ಚಿಲ್ಲರೆ. ಒಟ್ಟು 931 ತೋರಿಸುತ್ತಿದೆ. 1 ಟಿಬಿಯಲ್ಲಿ ಉಳಿದದ್ದು ಎಲ್ಲಿ ಹೋಯಿತು ಅಂತ ಮಾವನ ಮಗ ಈಗ ಹೊಸ ಚಿಂತೆ ಹಚ್ಚಿಕೊಂಡಿದ್ದಾನೆ.

ಎಡದಂಡೆ (ಸಿಂಧನೂರು)

ಅದು ಎಲ್ಲೂ ಹೋಗಿಲ್ಲ. ಡಿಸ್ಕ್ ಮಾರುವವರು ಸಾವಿರದ ಲೆಕ್ಕ ಹಿಡೀತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ. ಎರಡೂ ಒಂದೇ.

ಫೋಟೋ ನೋಡಿದರೆ ಕಥೆ ಸ್ಪಷ್ಟ. ಮುಂದಿನ 600 ಎಂಬಿಯಲ್ಲಿ ಹಳೇ ರಿಕವರಿ ಮತ್ತು ಇಎಫ್‌ಐ ಇದ್ದವು. ಸಿ ಡ್ರೈವ್ ಮುಂಚಿನಷ್ಟೇ ಇದೆ, ಹಿಗ್ಗಿಲ್ಲ. ಕೊನೆಯ ಬೂದು ಜಾಗದಲ್ಲಿ ಒಂದು ಸಣ್ಣ ರಿಕವರಿ, ಅದರ ಪಕ್ಕ ನಿಮ್ಮ ಡಿ. ವಿಂಡೋಸ್ ದೊಡ್ಡ ಅಪ್‌ಡೇಟ್ ಆದಾಗ ಸಿಯ ಬಾಲ ಸ್ವಲ್ಪ ಕತ್ತರಿಸಿ ಅಲ್ಲೊಂದು ಹೊಸ ರಿಕವರಿ ಪಾರ್ಟಿಶನ್ ಮಾಡಿಕೊಳ್ಳೋದುಂಟು. ಅದು ಸಿ, ಡಿ ನಡುವೆ ಕೂತಿದ್ದಕ್ಕೇ ಎಕ್ಸ್‌ಟೆಂಡ್ ಮಸುಕಾಗಿದ್ದು. ಪಕ್ಕದಲ್ಲೇ, ಬಲಗಡೆಗೆ ಅಂಟಿಕೊಂಡ ಖಾಲಿ ಜಾಗ ಇದ್ದರೆ ಮಾತ್ರ ವಿಂಡೋಸ್ ಹಿಗ್ಗಿಸುತ್ತದೆ.

ಶಕ್ತಿನಗರ 210 (ರಾಯಚೂರು)

ಇವರ ಪುಣ್ಯ, ಡಿಲೀಟ್ ಮಾತ್ರ ಆಗಿದೆ. ಇದಕ್ಕಿಂತ ಕೆಟ್ಟದ್ದು ಪಾರ್ಟಿಶನ್ "ಮೂವ್". ಡಿ ಡ್ರೈವಿನ ಎಡ ಅಂಚು ಹಿಡಿದು ಬಲಕ್ಕೆ ಎಳೆದರೆ, ಆ ಸಾಫ್ಟ್‌ವೇರ್ ಒಳಗಿನ ಡೇಟಾವನ್ನೆಲ್ಲ ಒಂದೊಂದೇ ತುಂಡಾಗಿ ಎತ್ತಿ ಆಚೆ ಇಡುತ್ತದೆ. ತಾಸುಗಟ್ಟಲೆ ಹಿಡಿಯುತ್ತದೆ. ನಮ್ಮ ಪರಿಚಯದವರ ಮೆಷಿನ್‌ನಲ್ಲಿ ಅರ್ಧಕ್ಕೆ ಕರೆಂಟ್ ಹೋಯ್ತು. ರಾಜ್ಯಕ್ಕೆ ಕರೆಂಟ್ ಕೊಡುವ ಊರಿನಲ್ಲೇ ಹೀಗೆ, ನಗಬೇಡಿ. ಅರ್ಧ ಡೇಟಾ ಹೊಸ ಜಾಗದಲ್ಲಿ, ಅರ್ಧ ಹಳೇ ಜಾಗದಲ್ಲಿ. ಕೋಷ್ಟಕ ಸರಿ ಮಾಡಿದರೂ ಒಳಗೆ ಹೊಂದಲಿಲ್ಲ. ಕೊನೆಗೆ ಫೋಟೋರೆಕ್ ಓಡಿಸಿ ಸಿಕ್ಕಷ್ಟು ಫೋಟೋ ಹೆಕ್ಕಿಕೊಂಡರು, ಒಂದಕ್ಕೂ ಹೆಸರಿಲ್ಲ. ಫೋಟೋ ಆದರೆ ಕಣ್ಣಲ್ಲಿ ನೋಡಿ ಗುರುತು ಹಿಡಿಯಬಹುದು. ಟ್ಯಾಲಿ ಫೈಲು ಹೆಸರಿಲ್ಲದೆ ಸಿಕ್ಕರೆ ಏನು ಮಾಡ್ತೀರಿ?

ಅದಕ್ಕೇ, ಮುಂದಿನ ಕೆಲಸ ಮಾಡುವಾಗ ಯುಪಿಎಸ್ ಅಥವಾ ಇನ್ವರ್ಟರ್ ಮೇಲೆ ಮಾಡಿ. ರಾತ್ರಿ ಮಾಡಿದರೆ ಇನ್ನೂ ಒಳ್ಳೇದು. ನಮ್ಮ ಕಡೆ ಬೇಸಿಗೆ ಹಗಲಲ್ಲಿ ತಗಡಿನ ಶೆಡ್ಡಿನ ಅಂಗಡಿ ಕಾದ ಬಾಣಲೆ. ಡಿಸ್ಕ್ ಬಿಡದೆ ಓಡುವಾಗ ಬಹಳ ಬಿಸಿಯಾಗುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡಿ.

ಎಡದಂಡೆ (ಸಿಂಧನೂರು)

ಫ್ಯಾನ್ ಮಾತು ನೂರಕ್ಕೆ ನೂರು.

ಈಗ ಪ್ರತಿ ತೆಗೆಯೋದು. 2 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ಒಂದು ಬೇಕು. ಖರ್ಚು ಅಂತ ಮಾವ ಗೊಣಗಿದರೆ, ಆಮೇಲೆ ಅದೇ ಬ್ಯಾಕಪ್ ಡಿಸ್ಕ್ ಆಗುತ್ತದೆ ಅಂತ ಹೇಳಿ. ಅದು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸೋದಿಲ್ಲ.

ಡಿಡಿರೆಸ್ಕ್ಯೂ ಪೂರ್ತಿ ಡಿಸ್ಕಿನ ಪ್ರತಿಯನ್ನು ಒಂದೇ ಫೈಲಾಗಿ ಇಳಿಸುತ್ತದೆ. ಬರೆಯುವ ಕ್ರಮ ಹೀಗೆ: ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ, ಕೊನೆಗೆ ಮ್ಯಾಪ್ ಫೈಲಿನ ಹೆಸರು. ಮ್ಯಾಪ್ ಫೈಲ್ ಬಿಡಬೇಡಿ. ಕರೆಂಟ್ ಹೋದರೂ ಮತ್ತೆ ಅದೇ ಸಾಲು ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. "ಎಲ್ಲಿಂದ" ಮತ್ತು "ಎಲ್ಲಿಗೆ" ಅದಲುಬದಲು ಆದರೆ ಮಾತ್ರ ದೇವರೂ ಕಾಪಾಡೋದಿಲ್ಲ. ಎಂಟರ್ ಒತ್ತುವ ಮೊದಲು ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಯಾವುದು 931, ಯಾವುದು ಅದರ ಎರಡರಷ್ಟು ಅಂತ ನೋಡಿ, ಇನ್ನೊಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ.

ಯುಎಸ್‌ಬಿ 3 ನೀಲಿ ಪೋರ್ಟಿಗೆ ಹಾಕಿ. ಸೆಕೆಂಡಿಗೆ 100 ಎಂಬಿ ಸಿಕ್ಕರೆ ಮೂರು ತಾಸಿನೊಳಗೆ ಮುಗಿಯುತ್ತದೆ. ಯುಎಸ್‌ಬಿ 2 ಆದರೆ ರಾತ್ರಿಯೆಲ್ಲ.

ಹಗರಿ ಹುಡುಗ (ಬಳ್ಳಾರಿ)

ಅಕ್ಕ, ಪ್ರತಿ ಯಾಕೆ? ಟೆಸ್ಟ್‌ಡಿಸ್ಕ್ ನೇರ ಓಡಿಸಿದರೆ ಹತ್ತು ನಿಮಿಷದಲ್ಲಿ ಆಗುತ್ತಲ್ಲ.

ಕೌಲ್‌ಬಜಾರ್ ರಿಪೇರಿ (ಬಳ್ಳಾರಿ)

ಆಗುತ್ತೆ ತಮ್ಮಾ. ಹತ್ತರಲ್ಲಿ ಎಂಟು ಸಲ ಆಗುತ್ತೆ. ಉಳಿದ ಎರಡರಲ್ಲಿ ಗಿರಾಕಿ ನಮ್ಮ ಕೊರಳಪಟ್ಟಿ ಹಿಡೀತಾನೆ. ನಾನಂತೂ ಮೊದಲು ಸ್ಮಾರ್ಟ್ ರಿಪೋರ್ಟ್, ಅಂದರೆ ಡಿಸ್ಕ್ ತಾನೇ ಹೇಳುವ ತನ್ನ ಆರೋಗ್ಯ, ನೋಡ್ತೀನಿ. "ರೀಅಲೊಕೇಟೆಡ್", "ಪೆಂಡಿಂಗ್" ಎರಡು ಸಾಲಿನ ಮುಂದೆ ಸೊನ್ನೆ ಇದ್ದರೆ ಧೈರ್ಯ. ಪೆಂಡಿಂಗ್ ಏರುತ್ತಿದ್ದರೆ ಡಿಸ್ಕೇ ಹೋಗುವ ಹಾದಿಯಲ್ಲಿದೆ, ಬೇರೆ ಏನೂ ಮಾಡದೆ ಮೊದಲು ಪ್ರತಿ. ಟಕ್ ಟಕ್ ಸದ್ದು ಬಂದರೆ ಅದೂ ಬೇಡ, ಆಫ್ ಮಾಡಿ ಲ್ಯಾಬಿಗೆ ಕಳಿಸೋದು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ನಮಗೆ ಬೆಂಗಳೂರು.

ಸೋನಾಮಸೂರಿ (ಗಂಗಾವತಿ)

ಸ್ಮಾರ್ಟ್‌ನಲ್ಲಿ ಎರಡೂ ಸೊನ್ನೆ. ರಾತ್ರಿ ಪ್ರತಿ ತೆಗೆದದ್ದಾಯಿತು. ನಡುವೆ ಒಂದು ಸಲ ಕರೆಂಟ್ ಹೋಯಿತು, ಇನ್ವರ್ಟರ್ ಹಿಡಿಯಿತು. ದೋಷ ಸೊನ್ನೆ ಅಂತ ಬಂದಿದೆ.

ಈಗ ಟೆಸ್ಟ್‌ಡಿಸ್ಕ್ ತೆಗೆದೆ. ಕ್ವಿಕ್ ಸರ್ಚ್‌ನಲ್ಲಿ ಸಿ ಬಂತು, ಕೆಳಗೆ ಇನ್ನೊಂದು ಎನ್‌ಟಿಎಫ್‌ಎಸ್ ಬಂತು. ಡೀಪರ್ ಸರ್ಚ್ ಕೊಟ್ಟ ಮೇಲೆ ಎನ್‌ಟಿಎಫ್‌ಎಸ್ ಇನ್ನೂ ಒಂದು ಜಾಸ್ತಿ ಬಂದಿದೆ. ಎರಡರ ಶುರುವೂ ಬೇರೆ, ಕೊನೆಯೂ ಬೇರೆ. ಯಾವುದು ನಮ್ಮದು?

ಎಡದಂಡೆ (ಸಿಂಧನೂರು)

ಅದು ಹಳೇ ದೆವ್ವ. ಮೆಷಿನ್ ತಂದಾಗ ಬೇರೆ ಅಳತೆಯಲ್ಲಿ ಪಾರ್ಟಿಶನ್ ಮಾಡಿರುತ್ತಾರೆ, ಆಮೇಲೆ ಬದಲಿಸಿರುತ್ತಾರೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಒಂದು ಪ್ರತಿಯನ್ನು ಪಾರ್ಟಿಶನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಹಳೆಯದರ ಗುರುತು ಎಲ್ಲೋ ಉಳಿದಿದ್ದು ಟೆಸ್ಟ್‌ಡಿಸ್ಕ್ ಕಣ್ಣಿಗೆ ಬಿದ್ದಿದೆ.

ಊಹೆ ಮಾಡಬೇಡಿ. ಸಾಲಿನ ಮೇಲೆ ನಿಂತು ಕ್ಯಾಪಿಟಲ್ ಪಿ ಒತ್ತಿ. ಒಳಗಿನ ಫೈಲುಗಳ ಪಟ್ಟಿ ಬರುತ್ತದೆ. ಟ್ಯಾಲಿ ಫೋಲ್ಡರ್ ಹುಡುಕಿ, ಅದರ ಒಳಗೆ ಬರೀ ಅಂಕಿಯ ಹೆಸರಿನ ಫೋಲ್ಡರ್‌ಗಳು ಇರುತ್ತವೆ. ತಾರೀಖು ನೋಡಿ. ಮೊನ್ನೆಯ ತಾರೀಖು ಯಾವುದರಲ್ಲಿ ಇದೆಯೋ ಅದೇ ಸರಿಯಾದದ್ದು. ಹಳೆಯದರಲ್ಲಿ ಪಟ್ಟಿಯೇ ಬರೋದಿಲ್ಲ, ಇಲ್ಲವೇ ಕಸ ಬರುತ್ತದೆ.

ಸರಿಯಾದದ್ದು ಸಿಕ್ಕ ಕೂಡಲೇ "ರೈಟ್" ಕೊಡಬೇಡಿ. ಅದೇ ಪಟ್ಟಿಯಲ್ಲಿ ಟ್ಯಾಲಿ ಫೋಲ್ಡರಿನ ಮೇಲೆ ನಿಂತು ಸಣ್ಣ ಸಿ ಒತ್ತಿ, ಎಕ್ಸ್‌ಟರ್ನಲ್ ಡಿಸ್ಕ್ ತೋರಿಸಿ. ಫೈಲು ಅಲ್ಲಿಗೆ ಕಾಪಿ ಆಗುತ್ತದೆ. ಕೋಷ್ಟಕ ಮುಟ್ಟುವ ಮೊದಲೇ ಮಾವನ ಲೆಕ್ಕ ಕೈಗೆ ಬಂದಿರಲಿ.

ಸೋನಾಮಸೂರಿ (ಗಂಗಾವತಿ)

ಸಿಕ್ಕಿತು!! ಎರಡನೇ ಸಾಲಿನಲ್ಲಿ ಪಿ ಒತ್ತಿದರೆ ಫೋಲ್ಡರ್‌ಗಳು ಸಾಲಾಗಿ ಬಂದವು. ಟ್ಯಾಲಿ ಒಳಗೆ 10001, 10002, 10003. ಹಿಂದೆ ನಿಂತಿದ್ದ ಮಾವ "ಮೂರು, ಮೂರು, ಅದು ಈ ವರ್ಷದ್ದು" ಅಂತ ಕೂಗಿದರು. ಎರಡು ದಿನದಲ್ಲಿ ಅವರು ಆಡಿದ ಮೊದಲ ಮಾತು. ಕೆಳಗಿನ ಇನ್ನೊಂದರಲ್ಲಿ ಪಟ್ಟಿಯೇ ಬರಲಿಲ್ಲ.

ಕಾಪಿ ಆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ಹಾಕಿ ಕಂಪನಿ ತೆಗೆದೆ. ಕೊನೆಯ ಪಟ್ಟಿ, ಹಮಾಲಿ ಸಮೇತ, ಇದೆ.

ಇನ್ನು "ರೈಟ್" ಕೊಡಲಾ?

ಎಡದಂಡೆ (ಸಿಂಧನೂರು)

ಕೊಡಿ. ಸಿ ಮತ್ತು ಸರಿಯಾದ ಡಿ ಎರಡೂ "ಪಿ" ಗುರುತಿನಲ್ಲಿ ಇರಬೇಕು, ದೆವ್ವ "ಡಿ" ಗುರುತಿನಲ್ಲಿ. ಇಲ್ಲಿ ಡಿ ಅಂದರೆ ಡಿಲೀಟೆಡ್, ಡ್ರೈವ್ ಅಲ್ಲ. 16 ಎಂಬಿಯ ರಿಸರ್ವ್ಡ್ ಬರದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ, ಅದರಲ್ಲಿ ನಿಮ್ಮ ಡೇಟಾ ಏನೂ ಇಲ್ಲ. 100 ಎಂಬಿಯ ಇಎಫ್‌ಐ ಕಾಣಿಸಿತಾ?

ಸೋನಾಮಸೂರಿ (ಗಂಗಾವತಿ)

ಅದು ಎರಡೂ ಸರ್ಚ್‌ನಲ್ಲಿ ಬರಲಿಲ್ಲ. ರೈಟ್ ಕೊಟ್ಟೆ. ಜಿಪಾರ್ಟೆಡ್‌ನಲ್ಲಿ ಈಗ ಡಿ ಕಾಣುತ್ತಿದೆ. ವಿಂಡೋಸ್ ಮಾತ್ರ ಇನ್ನೂ ಏಳುತ್ತಿಲ್ಲ, ಅದೇ ಕಪ್ಪು ಪರದೆ.

ಎಡದಂಡೆ (ಸಿಂಧನೂರು)

ನಿರೀಕ್ಷಿಸಿದ್ದೇ. ಇಎಫ್‌ಐ ಹೊಸದಾಗಿ ಮಾಡೋಣ. ಅದರಲ್ಲಿ ನಿಮ್ಮ ಸ್ವಂತದ್ದು ಏನೂ ಇರೋದಿಲ್ಲ, ವಿಂಡೋಸ್ ಫೋಲ್ಡರಿನಿಂದಲೇ ಮತ್ತೆ ತುಂಬಿಸಬಹುದು.

ವಿಂಡೋಸ್ 10 ಸೆಟಪ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಭಾಷೆ ಕೇಳುವ ಮೊದಲ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿ ಬರುತ್ತದೆ. ಡಿಸ್ಕ್‌ಪಾರ್ಟ್ ತೆಗೆಯಿರಿ. ಹೌದು, ಅದೇ ಡಿಸ್ಕ್‌ಪಾರ್ಟ್. ಈ ಸಲ ಪ್ರತಿ ಹೆಜ್ಜೆಗೂ "ಲಿಸ್ಟ್" ಕೊಟ್ಟು ನಿಮ್ಮದೇ ಪಟ್ಟಿಯ ನಂಬರ್ ನೋಡಿ. 931ರ ಡಿಸ್ಕ್ ಆರಿಸಿ, 100ರ ಅಳತೆಯಲ್ಲಿ ಇಎಫ್‌ಐ ಪಾರ್ಟಿಶನ್ ಕ್ರಿಯೇಟ್ ಮಾಡಿ. ಶುರುವಿನ 600 ಎಂಬಿ ಖಾಲಿ ಜಾಗದಲ್ಲಿ ಕೂರುತ್ತದೆ. ಅದನ್ನು ಫ್ಯಾಟ್32ಗೆ ಕ್ವಿಕ್ ಫಾರ್ಮ್ಯಾಟ್ ಮಾಡಿ, ಎಸ್ ಅಕ್ಷರ ಕೊಡಿ. ಫಾರ್ಮ್ಯಾಟ್ ಕೊಡುವ ಮೊದಲು ಲಿಸ್ಟ್‌ನಲ್ಲಿ ನಕ್ಷತ್ರದ ಗುರುತು 100 ಎಂಬಿಯ ಮುಂದೆಯೇ ಇದೆಯಾ ನೋಡಿ.

ಆಮೇಲೆ "ಲಿಸ್ಟ್ ವಾಲ್ಯೂಮ್". ಸೆಟಪ್ ಪೆನ್‌ಡ್ರೈವಿನಲ್ಲಿ ನಿಮ್ಮ ಸಿಗೆ ಬೇರೆ ಅಕ್ಷರ ಬಂದಿರಬಹುದು. ವಿಂಡೋಸ್ ಫೋಲ್ಡರ್ ಯಾವುದರಲ್ಲಿ ಇದೆ ಅಂತ ಡಿಐಆರ್ ಕೊಟ್ಟು ಖಚಿತ ಮಾಡಿಕೊಳ್ಳಿ. ಡಿಸ್ಕ್‌ಪಾರ್ಟ್‌ನಿಂದ ಹೊರಬಂದು ಬಿಸಿಡಿಬೂಟ್ ಕೊಡಿ. ಅದಕ್ಕೆ ಮೂರು ವಿಷಯ ಹೇಳಬೇಕು: ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಫೈಲು ಎಲ್ಲಿಗೆ ಹೋಗಬೇಕು ಅಂದರೆ ಎಸ್, ಮತ್ತು ಯುಇಎಫ್‌ಐ ಅಂತ. ಸರಿಯಾದರೆ ಒಂದೇ ಸಾಲು ಬರುತ್ತದೆ, "ಬೂಟ್ ಫೈಲ್ಸ್ ಸಕ್ಸೆಸ್‌ಫುಲಿ ಕ್ರಿಯೇಟೆಡ್".

ಸೋನಾಮಸೂರಿ (ಗಂಗಾವತಿ)

ಆ ಸಾಲು ಬಂತು. ಆದರೂ ಬೂಟ್ ಆಗಲಿಲ್ಲ. ಬೂಟ್ ಮೆನುವಿನಲ್ಲಿ ವಿಂಡೋಸ್ ಹೆಸರೇ ಇಲ್ಲ.

ಕೌಲ್‌ಬಜಾರ್ ರಿಪೇರಿ (ಬಳ್ಳಾರಿ)

ಪೆನ್‌ಡ್ರೈವ್ ಲೆಗಸಿಯಲ್ಲಿ, ಅಂದರೆ ಹಳೇ ಬಯೋಸ್ ರೀತಿಯಲ್ಲಿ, ಬೂಟ್ ಆಗಿದೆ, ಪಂದ್ಯ ಕಟ್ತೀನಿ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಇರುತ್ತದೆ ನೋಡ್ರಿ. ಒಂದರ ಮುಂದೆ "ಯುಇಎಫ್‌ಐ" ಅಂತ ಇರುತ್ತದೆ. ಅದನ್ನು ಆರಿಸಿ ಮತ್ತೆ ಬಿಸಿಡಿಬೂಟ್ ಕೊಡಿ. ಲೆಗಸಿಯಲ್ಲಿ ಎದ್ದರೆ ಫೈಲು ಕಾಪಿ ಆಗುತ್ತದೆ, ಆದರೆ ಮದರ್‌ಬೋರ್ಡಿನ ನೆನಪಿನಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಅನ್ನೋ ಸಾಲು ಬರೆಯೋದಿಲ್ಲ. ಬಯೋಸ್‌ನಲ್ಲಿ ಆ ಹಳೇ ರೀತಿಗೆ ಅವಕಾಶ ಕೊಡುವ ಸಿಎಸ್‌ಎಂ ಆಫ್ ಮಾಡಿಬಿಟ್ಟರೆ ಈ ಗೊಂದಲವೇ ಇಲ್ಲ.

ಸೋನಾಮಸೂರಿ (ಗಂಗಾವತಿ)

ಅಣ್ಣ, ಪಂದ್ಯ ನೀವೇ ಗೆದ್ದಿರಿ. ಎದ್ದಿದೆ. ಡೆಸ್ಕ್‌ಟಾಪ್ ಬಂತು.

ಒಂದು ಸಣ್ಣ ತೊಡಕು. ಡಿ ಡ್ರೈವ್ ಈಗ ಎಫ್ ಅಂತ ತೋರಿಸುತ್ತಿದೆ, ಟ್ಯಾಲಿ "ಡೇಟಾ ಪಾತ್ ಇಲ್ಲ" ಅನ್ನುತ್ತಿದೆ. ಮತ್ತೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯೋಕೆ ಮನೆಯಲ್ಲಿ ಯಾರೂ ಬಿಡುತ್ತಿಲ್ಲ.

ಕಿನ್ನಾಳ ಗೊಂಬೆ (ಕೊಪ್ಪಳ)

ಅಕ್ಷರ ಬದಲಿಸೋದರಲ್ಲಿ ಡೇಟಾಕ್ಕೆ ಏನೂ ಆಗೋದಿಲ್ಲ. ಬಲ ಕ್ಲಿಕ್, "ಚೇಂಜ್ ಡ್ರೈವ್ ಲೆಟರ್", ಡಿ ಆರಿಸಿ, ಮುಗೀತು. ಡಿವಿಡಿ ಡ್ರೈವ್ ಡಿ ಹಿಡಿದುಕೊಂಡು ಕೂತಿದ್ದರೆ ಮೊದಲು ಅದಕ್ಕೆ ಬೇರೆ ಅಕ್ಷರ ಕೊಡಿ.

ಕೌಲ್‌ಬಜಾರ್ ರಿಪೇರಿ (ಬಳ್ಳಾರಿ)

ಎಲ್ಲ ಸರಿ. ಸಿ ಡ್ರೈವ್ ಈಗಲೂ ಕೆಂಪೇ ಅಲ್ವಾ? ಅದು ತುಂಬಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ದಲಾಲಿ ಅಂಗಡಿಗೆ 200 ಜಿಬಿ ಸಾಲದು ಅಂದರೆ ಒಳಗೆ ಏನೋ ಇದೆ.

ಸೋನಾಮಸೂರಿ (ಗಂಗಾವತಿ)

ನೋಡಿದೆ. ಡೌನ್‌ಲೋಡ್ಸ್‌ನಲ್ಲಿ 90 ಜಿಬಿಗೂ ಮೇಲೆ ಸಿನಿಮಾ. ಯಾರದ್ದು ಅಂತ ಹೇಳಬೇಕಾಗಿಲ್ಲ. ಮಾವನ ಮಗ ಇವತ್ತು ಯಾರ್ಡಿನಲ್ಲಿ ಚೀಲ ಎಣಿಸುತ್ತಿದ್ದಾನೆ.

ರಿಕವರಿ ಪಾರ್ಟಿಶನ್ ಹೋಗಿದೆ, ಅದನ್ನು ಹಾಗೇ ಬಿಡಲಾ?

ಎಡದಂಡೆ (ಸಿಂಧನೂರು)

ಬಿಡಿ. ಅದಿಲ್ಲದೆಯೂ ವಿಂಡೋಸ್ ಓಡುತ್ತದೆ. ರಿಪೇರಿಗೆ ಬೇಕಾದಾಗ ಪೆನ್‌ಡ್ರೈವ್ ಇದೆಯಲ್ಲ. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ. ಆ ಪ್ರತಿಯ ಫೈಲು ಒಂದು ವಾರ ಇಟ್ಟುಕೊಂಡು, ಎಲ್ಲ ಸರಿ ಅನಿಸಿದ ಮೇಲೆ ಅಳಿಸಿ. ಅದೇ ಡಿಸ್ಕಿಗೆ ದಿನಾ ಅಂಗಡಿ ಮುಚ್ಚುವಾಗ ಟ್ಯಾಲಿ ಬ್ಯಾಕಪ್ ಹಾಕಿ, ಕೇಬಲ್ ಕಿತ್ತು ಗಲ್ಲಾ ಪೆಟ್ಟಿಗೆಯಲ್ಲಿ ಇಡಿ. ವಿಂಡೋಸ್ 11 ಹಾಕೋದಾದರೆ ಭತ್ತದ ಗಡಿಬಿಡಿ ಮುಗಿದ ಮೇಲೆ.

ಹಗರಿ ಹುಡುಗ (ಬಳ್ಳಾರಿ)

ಅಕ್ಕ, ನನ್ನದೂ ಒಂದಿದೆ. ವಿಂಡೋಸ್ ಜೊತೆ ಉಬುಂಟು ಲಿನಕ್ಸ್ ಹಾಕಿದ್ದೆ. ಜಾಗ ಬೇಕು ಅಂತ ಉಬುಂಟು ಪಾರ್ಟಿಶನ್ ವಿಂಡೋಸ್‌ನಿಂದ ಡಿಲೀಟ್ ಮಾಡಿದೆ. ಈಗ ಆನ್ ಮಾಡಿದರೆ "ಗ್ರಬ್ ರೆಸ್ಕ್ಯೂ" ಅಂತ ಬಂದು ನಿಲ್ಲುತ್ತದೆ. ನನಗೂ ಎರಡು ದಿನ ಬೇಕಾ?

ಎಡದಂಡೆ (ಸಿಂಧನೂರು)

ನಿನಗೆ ಎರಡು ನಿಮಿಷ. ಯುಇಎಫ್‌ಐ ಮೆಷಿನ್ ಆದರೆ ಬೂಟ್ ಮೆನು ತೆಗೆದು "ವಿಂಡೋಸ್ ಬೂಟ್ ಮ್ಯಾನೇಜರ್" ಆರಿಸು, ವಿಂಡೋಸ್ ಏಳುತ್ತದೆ. ಆಮೇಲೆ ಬಯೋಸ್‌ನಲ್ಲಿ ಅದನ್ನೇ ಮೇಲಿನ ಸಾಲಿಗೆ ತಾ. ಉಬುಂಟು ಎಬ್ಬಿಸುವ ಗ್ರಬ್‌ನ ಮೊದಲ ತುಂಡು ಇಎಫ್‌ಐ ಪಾರ್ಟಿಶನ್ನಿನಲ್ಲಿ ಉಳಿದಿದೆ, ಉಳಿದದ್ದು ನೀನು ಡಿಲೀಟ್ ಮಾಡಿದ ಕಡೆ ಇತ್ತು. ಅದು ಸಿಗದೆ ನಿಂತಿದೆ, ಅಷ್ಟೇ. ಆ ಉಳಿದ ಉಬುಂಟು ಫೋಲ್ಡರ್ ತೆಗೀತೀನಿ ಅಂತ ಇಎಫ್‌ಐ ಪಾರ್ಟಿಶನ್ ಡಿಲೀಟ್ ಮಾಡೋಕೆ ಹೋಗಬೇಡ ಮಾರಾಯ.

ಹಗರಿ ಹುಡುಗ (ಬಳ್ಳಾರಿ)

ಎದ್ದಿತು ಅಕ್ಕ. ಎಫ್12 ಒತ್ತಿದೆ, ಬಂತು.